ಬಂಗಾರದ ಕಿವಿಯ ಮೇಸ್ತ್ರಿ

ಮೇಸ್ತ್ರಿ ಸತ್ತು ಏಳನೇ ತಿಂಗಳಿಗೆ ಅವನ ತಮ್ಮ ಗ್ಯಾರೇಜಿನ ಗೋಡೆಯಿಂದ ಸ್ಪ್ಯಾನರುಗಳನ್ನೆಲ್ಲ ಇಳಿಸಿ, ಆ ಮೊಳೆಗಳಿಗೆ ತನ್ನ ಸರ್ಟಿಫಿಕೇಟು ನೇತುಹಾಕಿದ. ಕಾರು ರಿಪೇರಿಯ ಆರು ವಾರದ ತರಬೇತಿಯ ಸರ್ಟಿಫಿಕೇಟು. ಅದಕ್ಕೊಂದು ಚೌಕಟ್ಟು, ಚೌಕಟ್ಟಿಗೆ ಬಂಗಾರದ ಬಣ್ಣ. ಸ್ಪ್ಯಾನರುಗಳನ್ನು ಗೋಣಿಚೀಲಕ್ಕೆ ಸುರಿದು ಮೂಲೆಗೆ ತಳ್ಳಿದ. ಮೇಸ್ತ್ರಿಯ ಹೆಂಡತಿ ಅಡಿಗೆಮನೆಯ ಕಿಟಕಿಯಿಂದ ಇದನ್ನು ನೋಡಿದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಬಂದದ್ದು ಐಶ್ವರ್ಯವೂ ಅಲ್ಲ, ಒಂದು ಲ್ಯಾಪ್‌ಟಾಪು.

ಗ್ಯಾರೇಜು ಅಪ್ಪ ಬಿಟ್ಟುಹೋದದ್ದು, ಅಣ್ಣತಮ್ಮ ಇಬ್ಬರಿಗೂ ಸೇರಿದ್ದು. ಅಣ್ಣ ಅದರಲ್ಲಿ ಬೆವರು ಸುರಿಸಿದ. ತಮ್ಮ ಬೇರೆ ಊರಲ್ಲಿ ಅದೂ ಇದೂ ಮಾರಿಕೊಂಡಿದ್ದು, ವರ್ಷಕ್ಕೆರಡು ಸಲ ಬಂದು ಉಂಡು, ತನ್ನ ಪ್ರತಾಪ ಹೇಳಿಕೊಂಡು ಹೋಗುತ್ತಿದ್ದ. ಮುಂದೆ ಎರಡು ಕಾರು ನಿಲ್ಲುವಷ್ಟು ಜಾಗ, ಹಿಂದೆ ಒಂದು ಕೋಣೆ, ಒಂದು ಅಡಿಗೆಮನೆ. ಅಡಿಗೆಮನೆಯ ಕಿಟಕಿ ಬೀದಿಗೂ ಇಲ್ಲ, ಹಿತ್ತಲಿಗೂ ಇಲ್ಲ, ಗ್ಯಾರೇಜಿಗೇ ತೆರೆಯುತ್ತದೆ. ಮಾಡಿದ ಅಡಿಗೆಗೆಲ್ಲ ಪೆಟ್ರೋಲಿನ ವಾಸನೆ. ಮದುವೆಯಾಗಿ ಬಂದ ಹೊಸತರಲ್ಲಿ ಮೂಗು ಮುಚ್ಚಿಕೊಂಡು ಉಂಡವಳು, ಈಗ ಆ ವಾಸನೆ ಇಲ್ಲದಿದ್ದರೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನಪಡುತ್ತಾಳೆ.

ಆ ಕಿಟಕಿಯ ಕಥೆ ಯಾರಿಗೂ ಗೊತ್ತಿಲ್ಲ.

ಮೇಸ್ತ್ರಿಯನ್ನು ಜನ ಬಂಗಾರದ ಕಿವಿ ಎನ್ನುತ್ತಿದ್ದರು. ಹಳೇ ಕಾರುಗಳಲ್ಲಿ ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನ್ನಿಗೆ ಕೊಡುವ ಒಂದು ಡಬ್ಬಿ ಇರುತ್ತದೆ, ಕಾರ್ಬೊರೇಟರ್. ಅದರ ಪಕ್ಕದಲ್ಲೊಂದು ತಿರುಪು. ಒಳಗೆ ತಿರುಗಿಸಿದರೆ ಪೆಟ್ರೋಲು ಕಡಿಮೆ, ಹೊರಗೆ ತಿರುಗಿಸಿದರೆ ಜಾಸ್ತಿ. ಎಷ್ಟು ತಿರುಗಿಸಬೇಕು ಎಂದು ಇಂಜಿನ್ನೇ ಹೇಳಬೇಕು, ಅದನ್ನು ಕೇಳುವ ಕಿವಿ ಬೇಕು. ಮೇಸ್ತ್ರಿ ಒಂದು ಗಜದ ರಬ್ಬರ್ ಕೊಳವೆಯನ್ನು ಕಿವಿಗಿಟ್ಟು, ಅರೆಗಣ್ಣು ಮುಚ್ಚಿ, ತಪಸ್ಸಿಗೆ ಕೂತವನಂತೆ ಬಾನೆಟ್ಟಿನ ಮೇಲೆ ಬಾಗುತ್ತಿದ್ದ. ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ. ಇಂಜಿನ್ ಹಾಲು ಕುಡಿದ ಮಗುವಿನಂತೆ ಸಮಾಧಾನವಾಗುತ್ತಿತ್ತು. ಕಾರಿನ ಯಜಮಾನರು ಕೈಕಟ್ಟಿ ನಿಂತು ತಲೆದೂಗುತ್ತಿದ್ದರು. ಮಾತಾಡಿಸಿದರೆ ಉತ್ತರ ಇಲ್ಲ. ಎಂಥ ಗಂಭೀರ ಮನುಷ್ಯ, ತುಂಬಿದ ಕೊಡ ತುಳುಕುವುದಿಲ್ಲ ನೋಡಿ, ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ತುಳುಕುವುದಿರಲಿ, ಅವನಿಗೆ ಅವರ ಮಾತೇ ಕೇಳಿಸುತ್ತಿರಲಿಲ್ಲ. ಇಂಜಿನ್ನೂ ಕೇಳಿಸುತ್ತಿರಲಿಲ್ಲ.

ಮದುವೆಯಾದ ಮೂರನೇ ವರ್ಷ, ಲಾರಿಯ ಟೈರಿಗೆ ಗಾಳಿ ಹಾಕುವಾಗ ಅದು ಅವನ ಕೆನ್ನೆಯ ಪಕ್ಕದಲ್ಲೇ ಸಿಡಿಯಿತು. ಬಲಗಿವಿ ಅವತ್ತೇ ಹೋಯಿತು. ಎಡಗಿವಿ ಎಣ್ಣೆ ತೀರಿದ ದೀಪದಂತೆ ಆರು ವರ್ಷ ತೆಗೆದುಕೊಂಡಿತು. ಮುಖ ನೋಡಿ, ತುಟಿ ನೋಡಿ ಮಾತು ಅರ್ಥಮಾಡಿಕೊಳ್ಳುವುದನ್ನು ಕಲಿತ. ಆದರೆ ಇಂಜಿನ್ನಿಗೆ ತುಟಿ ಇಲ್ಲವಲ್ಲ. ಒಂದು ದಿನ ಅಡಿಗೆಮನೆಗೆ ಬಂದು ಹೆಂಡತಿಯ ಮುಂದೆ ಕೂತ.

"ನಿಂಗೆ ಕೇಳಿಸುತ್ತೆ ತಾನೇ?" ಅಂದ.

"ನನಗೇನು ರೋಗ? ಕೇಳಿಸುತ್ತೆ."

"ಹಂಗಾದ್ರೆ ನೀನು ಕೇಳು. ನಾನು ತಿರುಗಿಸ್ತೀನಿ."

ಹಾಗೆ ಶುರುವಾಯಿತು. ಮೊದಮೊದಲು ಗಿರಾಕಿಗಳು ಇಲ್ಲದಾಗ ಕೊಳವೆಯನ್ನು ಅವಳ ಕಿವಿಗಿಟ್ಟು ಕಲಿಸಿದ. ಅವನಿಗೆ ಕೇಳದ್ದನ್ನು ಅವಳಿಗೆ ಕಲಿಸಿದ್ದು ಹೇಗೆ ಎಂದರೆ, ಮೊದಲು ಕೇಳಿದ್ದು ಅವನ ನೆನಪಿನಲ್ಲಿತ್ತು. ಪೆಟ್ರೋಲು ಕಡಿಮೆಯಾದರೆ ಉಗುಳು ನುಂಗಿದ ಹಾಗೆ, ಜಾಸ್ತಿಯಾದರೆ ಉಂಡವನು ಮೆಟ್ಟಿಲು ಹತ್ತಿದ ಹಾಗೆ, ಎಲ್ಲೋ ಕಳ್ಳಗಾಳಿ ನುಗ್ಗುತ್ತಿದ್ದರೆ ಹಲ್ಲಿನ ಸಂದಿಯಿಂದ ಉಸಿರೆಳೆದ ಹಾಗೆ. ಒಂದು ವರ್ಷದಲ್ಲಿ ಅವಳಿಗೆ ಕೊಳವೆಯೂ ಬೇಡವಾಯಿತು. ಕಿಟಕಿಯಲ್ಲಿ ತರಕಾರಿ ಹೆಚ್ಚುತ್ತ ನಿಂತರೆ ಸಾಕು. ಬಲಗಡೆಯ ಕದ ಎಳೆದರೆ ತಿರುಪು ಒಳಗೆ. ಎಡಗಡೆಯದು ಎಳೆದರೆ ಹೊರಗೆ. ಎರಡೂ ಮುಚ್ಚಿದರೆ ಸಾಕು ಎಂದರ್ಥ. ಅರೆಗಣ್ಣು ಮುಚ್ಚಿದ ತಪಸ್ವಿ ನೋಡುತ್ತಿದ್ದುದು ಈ ಕಿಟಕಿಯನ್ನು. ಗಿರಾಕಿಗಳು ಮಾತ್ರ, ಮೇಸ್ತ್ರಿಯ ಹೆಂಡತಿ ಮರ್ಯಾದಸ್ಥೆ, ಗಂಡಸರು ಬಂದರೆ ಕಿಟಕಿ ಮುಚ್ಚಿಕೊಳ್ಳುತ್ತಾಳೆ ಎಂದು ಮೆಚ್ಚಿಕೊಂಡರು. ಕಣ್ಣಿದ್ದೂ ಕುರುಡರು ಅಂದರೆ ಇವರೇ.

"ಬಾಯಿ ಬಿಟ್ಟೀಯ ಮತ್ತೆ," ಎನ್ನುತ್ತಿದ್ದ ಗಂಡ. "ಕಿವುಡ ಮೇಸ್ತ್ರಿ ಹತ್ರ ಯಾವನು ಕಾರು ತರ್ತಾನೆ? ನೀನು ಬಾಯಿ ಬಿಟ್ರೆ ನಾನು ಸತ್ತ ಹಾಗೆ."

ಇಪ್ಪತ್ತಾರು ವರ್ಷ ಅವಳು ಬಾಯಿ ಬಿಡಲಿಲ್ಲ. ಆದರೂ ಸತ್ತ.

ಒಂದು ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಅವತ್ತು ಬಂದವರೆಲ್ಲ ಕಿವಿಯನ್ನೇ ಹೊಗಳಿದರು. ಅಂಥ ಕಿವಿ ಇನ್ನು ಹುಟ್ಟುವುದಿಲ್ಲ ಅಂದರು. ಹೆಂಡತಿ ಗೋಡೆಗೊರಗಿ ಕೂತು ಕೇಳಿದಳು. ಕೈಯ ವಿಷಯ ಒಬ್ಬನೂ ಎತ್ತಲಿಲ್ಲ. ಅವನ ನಿಜವಾದ ಬಂಗಾರ ಇದ್ದದ್ದು ಕೈಯಲ್ಲಿ. ಒಡೆದದ್ದನ್ನು ಕೂಡಿಸುವ ಕೈ, ಸವೆದದ್ದನ್ನು ಸಮ ಮಾಡುವ ಕೈ. ಇಲ್ಲದ್ದನ್ನು ಹೊಗಳಿ ಇದ್ದದ್ದನ್ನು ಬಿಟ್ಟು ಎದ್ದು ಹೋದರು. ಅವಳಿಗೆ ಅಳು ಬಂದದ್ದು ಆಮೇಲೆ, ಒಬ್ಬಳೇ ಇದ್ದಾಗ, ಊಟಕ್ಕೆ ಬನ್ನಿ ಎಂದು ಅಭ್ಯಾಸಬಲದಿಂದ ಬಾಗಿಲಿಗೆ ಹೋಗಿ ಕೈಬೀಸಿದಾಗ. ಕೂಗಿ ಕರೆಯುವುದನ್ನು ಮರೆತು ಇಪ್ಪತ್ತಾರು ವರ್ಷವಾಗಿತ್ತು.

ಈಗ ತಮ್ಮ. ಬೀದಿಯಲ್ಲಿ ತನ್ನನ್ನು ಕಾರು ಡಾಕ್ಟರು ಎಂದು ಕರೆಯಲು ತಾನೇ ಹೇಳಿಕೊಟ್ಟವನು. ಲ್ಯಾಪ್‌ಟಾಪಿನ ಪರದೆಯಿಂದ ಕಣ್ಣು ಕೀಳದವನಿಗೆ ಅತ್ತಿಗೆ ಮನಸ್ಸಿನಲ್ಲೇ ಇಟ್ಟ ಹೆಸರು ಪರದೆ ಪಂಡಿತ. ಅವನು ಮಾಡಿದ ಮೊದಲ ದೊಡ್ಡ ಕೆಲಸ ವಕೀಲರ ಕಾರಿನದು.

ವಕೀಲರು ವೃತ್ತಿ ಬಿಟ್ಟವರು. ಕಾರು ಅವರ ತಂದೆಯದು, ದುಂಡು ಬೆನ್ನಿನ ಹಳೇ ಕಾರು, ಬಣ್ಣ ಕೆನೆಯದು. ಮೂವತ್ತು ವರ್ಷದಿಂದ ಇದೇ ಗ್ಯಾರೇಜಿಗೆ ಬರುತ್ತಿತ್ತು. ಹಳೇ ಕಾರಿನವರದ್ದೊಂದು ಗುಂಪಿದೆ. ಭಾನುವಾರ ಸೇರಿ ಒಬ್ಬರ ಬಾನೆಟ್ಟನ್ನು ಇನ್ನೊಬ್ಬರು ಎತ್ತಿ ನೋಡಿ ಹಲ್ಲು ಕಿರಿಯುವುದು ಅವರ ಕೆಲಸ. ಅಲ್ಲಿ ವಕೀಲರು ಬಂಗಾರದ ಕಿವಿಯ ಕಥೆಯನ್ನು ಎಷ್ಟು ಸಲ ಹೇಳಿದ್ದರೋ. ಈಗ ಕಿವಿ ಇಲ್ಲ. ಚಳಿಯಲ್ಲಿ ಕಾರು ಶುರುವಾಗಲು ಹತ್ತು ನಿಮಿಷ ಕಾಡುತ್ತದೆ.

"ಕಾರ್ಬೊರೇಟರ್ ಕಿತ್ತು ಬಿಸಾಕೋಣ ಸಾರ್," ಅಂದ ಪರದೆ ಪಂಡಿತ. "ಫ್ಯೂಯಲ್ ಇಂಜೆಕ್ಷನ್ ಹಾಕೋಣ. ಕೀಲಿ ತಿರುಗಿಸಿದ್ರೆ ಸಾಕು, ಗುಡುಗುಡು ಅನ್ನುತ್ತೆ. ಗಾಳಿ ಎಷ್ಟು, ಪೆಟ್ರೋಲ್ ಎಷ್ಟು, ಎಲ್ಲಾ ಕಂಪ್ಯೂಟರೇ ಲೆಕ್ಕ ಹಾಕುತ್ತೆ. ಕಿವಿಗಿವಿ ಕಾಲ ಮುಗೀತು."

ಕಿವಿಗಿವಿ! ಅತ್ತಿಗೆ ಒಲೆಯ ಮುಂದೆ ಸೌಟು ಹಿಡಿದು ನಿಂತಳು.

ಕೆಲಸ ಶುರುವಾಯಿತು. ಕಾರ್ಬೊರೇಟರ್ ಬಿಚ್ಚಿ ಕಪಾಟಿನ ಮೇಲೆ ಎಸೆದ. ಟ್ಯಾಂಕಿನೊಳಗೆ ಹೊಸ ಪಂಪು, ಹೆಚ್ಚಾದ ಪೆಟ್ರೋಲು ವಾಪಸು ಬರಲು ಹೊಸ ಕೊಳವೆ, ಹೊಗೆ ಕೊಳವೆಗೆ ಒಂದು ಸೆನ್ಸರು, ಡ್ಯಾಶ್‌ಬೋರ್ಡಿನ ಕೆಳಗೆ ಕಂಪ್ಯೂಟರ್ ಪೆಟ್ಟಿಗೆ. ಪೆಟ್ರೋಲು ಚಿಮ್ಮುವ ಹೊಸ ಭಾಗ ಹಳೇ ಜಾಗದಲ್ಲಿ ಕೂರುವುದಿಲ್ಲ, ತೂತುಗಳು ಬೇರೆ. ಅದಕ್ಕೆ ನಡುವೆ ಒಂದು ಅಲ್ಯೂಮಿನಿಯಂ ತಟ್ಟೆ ಬೇಕು. ಆ ತಟ್ಟೆಯನ್ನು ಅವನು ಬಿಗಿದು ಹಿಡಿಯುವ ವೈಸಿಗೆ ಸಿಕ್ಕಿಸಿ, ಫೋನಿನಲ್ಲಿ ಮಾತಾಡುತ್ತ, ಅರದಲ್ಲಿ ಕೆರೆಕೆರೆ ಉಜ್ಜಿದ.

ಅತ್ತಿಗೆ ನೋಡಿದ್ದು ತಟ್ಟೆಯನ್ನಲ್ಲ, ಲ್ಯಾಪ್‌ಟಾಪಿನ ಕೆಳಗಿದ್ದ ಮೇಜನ್ನು. ಎರಡು ಡ್ರಮ್ಮು, ಅವುಗಳ ಮೇಲೆ ಬೆರಳು ದಪ್ಪದ ಗಾಜು. ಕೆಡವಿದ ಅಂಗಡಿಯೊಂದರಿಂದ ಮೇಸ್ತ್ರಿ ಹೊತ್ತು ತಂದ ಗಾಜು ಅದು. ಎರಡು ಲೋಹ ಒಂದರ ಮೇಲೊಂದು ಕೂರಬೇಕಾದರೆ ಅವನು ಅರ ಮುಟ್ಟುತ್ತಿರಲಿಲ್ಲ. ಗಾಜಿನ ಮೇಲೆ ಮರಳು ಕಾಗದ ಹಾಸಿ, ನೀರು ಚಿಮುಕಿಸಿ, ಲೋಹವನ್ನು ಎಂಟರ ಆಕಾರದಲ್ಲಿ ಉಜ್ಜುತ್ತಿದ್ದ. ಗಾಜಿಗಿಂತ ಸಮ ಯಾವುದೂ ಇಲ್ಲ ಎನ್ನುತ್ತಿದ್ದ. ಅದರ ಮೇಲೆ ಒಂದು ಲೋಟ ಇಡಲೂ ಹೆಂಡತಿಗೆ ಬಿಡುತ್ತಿರಲಿಲ್ಲ. ಈಗ ಅದರ ಮೇಲೆ ಲ್ಯಾಪ್‌ಟಾಪು, ಅರ್ಧ ತಿಂದ ಬಿಸ್ಕತ್ತು, ಮೂರು ಕಾಫಿ ಲೋಟ.

ಇಂಜಿನ್ ಶುರುವಾಯಿತು. ಕೀಲಿ ತಿರುಗಿಸಿದ ಕೂಡಲೇ, ಅವನು ಹೇಳಿದಂತೆಯೇ. ಆದರೆ ಒಂದೇ ಸಮ ಓಡಲಿಲ್ಲ. ಏರಿತು, ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು, ಗೂರಲು ಹಿಡಿದ ಮುದುಕನಂತೆ. ಅತ್ತಿಗೆ ಅಡಿಗೆಮನೆಯಲ್ಲೇ ತಲೆ ಎತ್ತಿದಳು. ಹಲ್ಲಿನ ಸಂದಿಯಿಂದ ಉಸಿರೆಳೆದ ಹಾಗೆ. ಕಳ್ಳಗಾಳಿ. ಎಡಗಡೆ, ಮೇಲೆ.

ಮೂರು ವಾರ ಪರದೆ ಪಂಡಿತ ಪರದೆ ನೋಡಿದ. ಪರದೆಯಲ್ಲಿ ಗೆರೆ ಏರಿತು, ಇಳಿಯಿತು. ಏರಿಳಿಯುತ್ತಿದೆ ಎಂದು ಕಂಪ್ಯೂಟರು ಸತ್ಯವನ್ನೇ ಹೇಳುತ್ತಿತ್ತು, ಪಾಪ, ಅದರ ತಪ್ಪೇನೂ ಇಲ್ಲ. ಒಳಗೆ ಬರಬಾರದ ಗಾಳಿ ಬರುತ್ತಿದೆ ಎಂದು ಅದು ಪೆಟ್ರೋಲು ಕೂಡಿಸುತ್ತ ಕಳೆಯುತ್ತ ಒದ್ದಾಡುತ್ತಿತ್ತು. ಇವನು ಅಂಕಿ ಬದಲಾಯಿಸಿದ. ಸೆನ್ಸರು ಬದಲಾಯಿಸಿದ. ತಂತಿ ಬದಲಾಯಿಸಿದ. ಒಂದು ದಿನ ಶರ್ಟನ್ನೂ ಬದಲಾಯಿಸಿ ಬಂದ. ಅತ್ತಿಗೆ ಸುಮ್ಮನಿದ್ದಳು. ಒದ್ದಾಡಲಿ ಎಂದುಕೊಂಡಳು. ಅಣ್ಣನ ಗಾಜಿನ ಮೇಲೆ ಬಿಸ್ಕತ್ತು ತಿಂದವನಿಗೆ ನಾನೇಕೆ ಹೇಳಲಿ?

ಸುಮ್ಮನೆಯೇ ಇರುತ್ತಿದ್ದಳು, ಅವನು ಬೆಸುಗೆಯ ಮೇಲೆ ಬೆರಳು ಇಡದಿದ್ದರೆ.

ಆ ಕಾರಿನ ಇಂಜಿನ್ನಿಗೆ ಗಾಳಿ ಹಂಚುವ ಕಬ್ಬಿಣದ ಕೊಳವೆಗಳ ಗೊಂಚಲು ಒಂದಿದೆ, ಮ್ಯಾನಿಫೋಲ್ಡ್. ಹದಿನೈದು ವರ್ಷದ ಹಿಂದೆ ಅದು ಬಿರುಕು ಬಿಟ್ಟಿತ್ತು. ಬೇರೆಯದು ಎಲ್ಲೂ ಸಿಗಲಿಲ್ಲ. ಎರಕದ ಕಬ್ಬಿಣಕ್ಕೆ ಬೆಸುಗೆ ನಿಲ್ಲುವುದಿಲ್ಲ, ಆರುವಾಗ ಮತ್ತೆ ಸೀಳುತ್ತದೆ ಎಂದು ಎಲ್ಲ ಕೈಬಿಟ್ಟಿದ್ದರು. ಮೇಸ್ತ್ರಿ ಅದನ್ನು ಕೆಂಡದಲ್ಲಿ ಕಾಯಿಸಿ, ಹಿತ್ತಾಳೆ ಕರಗಿಸಿ ಕೂಡಿಸಿ, ಬಿಸಿ ಬೂದಿಯ ಡ್ರಮ್ಮಿನಲ್ಲಿ ಹೂತ. ಮೂರು ದಿನ ಆರಲು ಬಿಟ್ಟ. ದಿನಕ್ಕೆ ನಾಲ್ಕು ಸಲ ಹೋಗಿ ಡ್ರಮ್ಮನ್ನು ಮುಟ್ಟಿ ಬರುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ. ಮಕ್ಕಳಿಲ್ಲದವನು. ನಾಲ್ಕನೇ ದಿನ ಹೊರಗೆ ತೆಗೆದಾಗ ಬೆಸುಗೆ ಹೊಲಿದ ಹಾಗೆ ಕೂತಿತ್ತು, ಹಳದಿ ದಾರದಂತೆ. ಅವನ ಕೈ ಮಾಡಿದ್ದರಲ್ಲೆಲ್ಲ ಅದು ದೊಡ್ಡದು ಎಂದು ಹೆಂಡತಿ ಆಗಲೇ ತೀರ್ಮಾನ ಮಾಡಿದ್ದಳು.

ವಕೀಲರು ಬಂದ ದಿನ ಪರದೆ ಪಂಡಿತ ಆ ಹಳದಿ ದಾರದ ಮೇಲೆ ಬೆರಳಿಟ್ಟು ಹೇಳಿದ, "ಇಲ್ಲೇ ಸಾರ್ ತೊಂದರೆ. ಅಣ್ಣ ಹಾಕಿದ ಬೆಸುಗೆ ಬಿಟ್ಟಿದೆ. ಗಾಳಿ ಇಲ್ಲಿಂದಲೇ ಒಳಗೆ ಹೋಗ್ತಿದೆ. ಹಳೇ ಕಾಲದ ಕೆಲಸ, ಏನ್ ಮಾಡೋಕಾಗುತ್ತೆ? ಇದನ್ನ ಗುಜರಿಗೆ ಹಾಕಿ ಹೊಸದು ಎರಕ ಹೊಯ್ಸೋಣ."

"ಮೇಸ್ತ್ರಿಯ ಬೆಸುಗೆಯೇ?" ವಕೀಲರು ಮುಖ ಸಣ್ಣ ಮಾಡಿದರು. "ಛೇ. ಅವರು ಕೂಡ ಹೀಗೆ ಮಾಡಿದ್ರೇ?"

ಕುಣಿಯಲು ಬಾರದವನಿಗೆ ನೆಲ ಡೊಂಕು. ಇಷ್ಟು ದಿನ ಅವನು ಡೊಂಕೆಂದಿದ್ದು ತಂತಿಯನ್ನು, ಸೆನ್ಸರನ್ನು. ಈಗ ಸತ್ತವನನ್ನು. ಸತ್ತವನು ಎದ್ದು ಬಂದು ಉತ್ತರ ಹೇಳುವುದಿಲ್ಲವಲ್ಲ. ಬದುಕಿದ್ದಾಗಲೂ ಹೇಳುತ್ತಿರಲಿಲ್ಲ, ಅದು ಬೇರೆ.

ಅತ್ತಿಗೆ ಸೌಟು ಇಟ್ಟು, ಕೈ ಒರೆಸಿಕೊಂಡು, ಗ್ಯಾರೇಜಿಗೆ ಬಂದಳು.

"ಬೆಸುಗೆ ಬಿಟ್ಟಿಲ್ಲ," ಅಂದಳು. "ನಿನ್ನ ತಟ್ಟೆ ಡೊಂಕು."

ಮೈದುನ ನಕ್ಕ. "ಅತ್ತಿಗೆ, ಇದು ಕುಕ್ಕರ್ ಅಲ್ಲ, ವಿಸಿಲ್ ಕೇಳಿ ಇಳಿಸೋಕೆ. ಒಳಗೆ ಹೋಗಿ, ವಕೀಲರಿಗೆ ಕಾಫಿ ಮಾಡಿ."

"ಕಾಫಿ ಆಮೇಲೆ ಮಾಡ್ತೀನಿ. ಇಂಜಿನ್ ಶುರು ಮಾಡು."

"ಅಮ್ಮಾ," ವಕೀಲರು ಸಮಾಧಾನದ ದನಿ ತೆಗೆದರು, ಕೋರ್ಟಿನಲ್ಲಿ ಸಾಕ್ಷಿಯನ್ನು ಪುಸಲಾಯಿಸುವ ದನಿ. "ನಿಮ್ಮ ದುಃಖ ನಮಗೂ ಅರ್ಥ ಆಗುತ್ತೆ. ಅವರ ಕೆಲಸಕ್ಕೆ ಯಾರಾದ್ರೂ ಏನಾದ್ರೂ ಅಂದ್ರೆ ನಿಮಗೆ ನೋವಾಗುತ್ತೆ. ಆದರೆ ಇದು ಯಂತ್ರದ ವಿಷಯ. ಆ ಕಿವಿ ಇವತ್ತು ಇದ್ದಿದ್ರೆ ನಾವ್ಯಾಕೆ ಹೀಗೆ ತಡಕಾಡ್ತಿದ್ವಿ? ಕೊಳವೆ ಇಟ್ಟು ಒಂದೇ ಮಾತಲ್ಲಿ ಹೇಳಿಬಿಡೋರು. ಬೇರೆಯವರು ಹೇಳಿದ್ರೆ ನಂಬೋದು ಹೇಗೆ?"

ಹೇಳಿದರೆ ಕಿವಿ ಹೋಗುತ್ತದೆ. ಹೇಳದಿದ್ದರೆ ಕೈ ಹೋಗುತ್ತದೆ, ಗುಜರಿಗೆ. ಗಂಡ ಎಲ್ಲಿದ್ದಾನೋ ಅಲ್ಲಿಂದ ಮುಖ ಗಂಟಿಕ್ಕುತ್ತಿರುತ್ತಾನೆ. ಗಂಟಿಕ್ಕಲಿ. ಇಪ್ಪತ್ತಾರು ವರ್ಷ ಅವನ ಮಾತು ನಡೆದಿದೆ. ಸುಳ್ಳು ಹೆಸರಿಗೆ ಕಾವಲು ಕೂತು ನಿಜವಾದ ಹೆಸರನ್ನು ಕಳ್ಳರಿಗೆ ಕೊಡುವಷ್ಟು ದಡ್ಡಿ ಅವಳಲ್ಲ.

"ಆ ಕಿವಿ ಇಲ್ಲೇ ಇದೆ," ಅಂದಳು. "ನಿಮ್ಮ ಕಾರನ್ನ ಮೂವತ್ತು ವರ್ಷದಲ್ಲಿ ಇಪ್ಪತ್ತಾರು ವರ್ಷ ಕೇಳಿದ್ದು ನಾನು. ಅವರಿಗೆ ಕೇಳಿಸ್ತಿರಲಿಲ್ಲ."

"ಏನಂದ್ರಿ?"

"ಕಿವುಡು. ಎರಡೂ ಕಿವಿ. ನೀವು ಅವರ ಜತೆ ಅಷ್ಟು ವರ್ಷ ಮಾತಾಡಿದ್ರಲ್ಲ, ಯಾವತ್ತಾದ್ರೂ ಮುಖ ತಿರುಗಿಸಿಕೊಂಡಿದ್ದಾಗ ಉತ್ತರ ಕೊಟ್ಟಿದ್ದಾರಾ?"

ಅವಳು ಮೈದುನನ ಕಡೆ ತಿರುಗಿದಳು. "ನೀನೂ ಅಷ್ಟೆ. ಒಡಹುಟ್ಟಿದವನು. ಬಂದಾಗೆಲ್ಲ ನಿನ್ನದೇ ಹೇಳ್ಕೊಂಡೆ. ಅಣ್ಣನ ಮಾತು ಕೇಳೋ ಅಭ್ಯಾಸ ಇದ್ದಿದ್ರೆ, ಅವರಿಗೆ ಕೇಳಿಸಲ್ಲ ಅಂತ ಗೊತ್ತಾಗ್ತಿತ್ತು. ಶುರು ಮಾಡು ಇಂಜಿನ್ನು."

ಶುರು ಮಾಡಿದ. ಬೇರೆ ದಾರಿ ಇರಲಿಲ್ಲ.

ಅವಳು ಮೊಳೆಗೆ ನೇತುಬಿದ್ದಿದ್ದ ರಬ್ಬರ್ ಕೊಳವೆ ತೆಗೆದಳು. ಅದೊಂದು ಉಳಿದಿತ್ತು, ಸರ್ಟಿಫಿಕೇಟಿಗೆ ಆ ಮೊಳೆ ಬೇಕಾಗಿರಲಿಲ್ಲ. ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಬೆಸುಗೆಯ ಉದ್ದಕ್ಕೂ ಒಯ್ದಳು. ಏನೂ ಇಲ್ಲ. ಒಂದು ಕೂದಲೆಳೆಯಷ್ಟು ಗಾಳಿಯೂ ಇಲ್ಲ. ಹದಿನೈದು ವರ್ಷ. ತಟ್ಟೆಯ ಎಡ ಮೂಲೆಗೆ ತಂದಾಗ ಕಿವಿಯೊಳಗೆ ಉಸಿರು ಎಳೆಯಿತು. ಕೊಳವೆಯನ್ನು ವಕೀಲರ ಕಿವಿಗೆ ಹಿಡಿದಳು, ಮೊದಲು ಬೆಸುಗೆಯಲ್ಲಿ, ಆಮೇಲೆ ತಟ್ಟೆಯಲ್ಲಿ. ವಕೀಲರ ಹುಬ್ಬು ಏರಿತು. ಬೆರಳಲ್ಲಿ ಒಂದಿಷ್ಟು ಗ್ರೀಸು ತೆಗೆದು ಆ ಮೂಲೆಗೆ ಮೆತ್ತಿದಳು. ಇಂಜಿನ್ ಏರಿಳಿತ ಬಿಟ್ಟು ಸಮವಾಯಿತು. ನಾಲ್ಕು ಉಸಿರು ಎಣಿಸುವಷ್ಟರಲ್ಲಿ ಗ್ರೀಸು ಒಳಗೆ ಹೋಯಿತು. ಮತ್ತೆ ಗೂರಲು.

"ಕಂಡಿತಲ್ಲ," ಅಂದಳು.

ಪರದೆ ಪಂಡಿತ ಪರದೆಯನ್ನು ನೋಡುತ್ತಿದ್ದ. ಅಲ್ಲಿಯೂ ಗೆರೆ ಸಮವಾಗಿ, ಮತ್ತೆ ಕುಣಿದಿತ್ತು. ಪರದೆ ಹೇಳಿದ ಮೇಲೆ ಅವನು ನಂಬಿದ.

"ತಟ್ಟೆ ಬಿಚ್ಚು."

"ಹೊಸ ತಟ್ಟೆ ತರಿಸ್ತೀನಿ ಅತ್ತಿಗೆ. ಎರಡು ವಾರ ಆಗುತ್ತೆ."

"ಎರಡು ವಾರ ಯಾಕೆ? ಸಾಮಾನು ನಿನ್ನ ಮೊಣಕೈ ಕೆಳಗೇ ಇದೆ."

ಅವಳು ಬಿಸ್ಕತ್ತಿನ ಪೊಟ್ಟಣ ಎಸೆದಳು. ಲೋಟಗಳನ್ನು ಕೆಳಗಿಟ್ಟಳು. ಲ್ಯಾಪ್‌ಟಾಪನ್ನು ಎತ್ತಿ, ಹಾಲುಗೂಸನ್ನು ಒಪ್ಪಿಸುವಂತೆ ಅವನ ಎರಡೂ ಕೈಗಿಟ್ಟಳು. ಗಾಜನ್ನು ಸೆರಗಿನಿಂದ ಒರೆಸಿದಳು. ಒಂದು ಕಡೆ ಗೀರು ಬಿದ್ದಿತ್ತು, ಆ ಕಡೆ ಬಿಟ್ಟು ಈ ಕಡೆ ಮರಳು ಕಾಗದ ಹಾಸಿ, ನೀರು ಚಿಮುಕಿಸಿ, ತಟ್ಟೆ ಇಟ್ಟು ಉಜ್ಜಿದಳು. ಎಂಟರ ಆಕಾರ. ಕೈ ಅವಳದು ಅಷ್ಟೇನೂ ಚೆನ್ನಾಗಿರಲಿಲ್ಲ. ಗಂಡ ಅರ್ಧ ಗಂಟೆಯಲ್ಲಿ ಮಾಡುವುದಕ್ಕೆ ಅವಳಿಗೆ ಎರಡು ಗಂಟೆ ಹಿಡಿಯಿತು. ಮೊದಲು ತಟ್ಟೆಯ ನಡುವೆ ಮಾತ್ರ ಹೊಳಪು ಬಂತು, ಎಡ ಮೂಲೆ ಮಂಕಾಗಿಯೇ ಉಳಿಯಿತು. ಅದನ್ನು ಎತ್ತಿ ಮೈದುನನ ಮುಖಕ್ಕೆ ಹಿಡಿದಳು. "ನೋಡು, ನಿನ್ನ ಅರದ ಪ್ರತಾಪ." ಅವನು ಲ್ಯಾಪ್‌ಟಾಪು ಹಿಡಿದುಕೊಂಡೇ ನಿಂತಿದ್ದ. ಕೆಳಗಿಡಲು ಜಾಗ ಇರಲಿಲ್ಲ.

ಮೂಲೆಯೂ ಹೊಳೆದ ಮೇಲೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಕಾಗದ ಕತ್ತರಿಸಿ ಕೊಟ್ಟಳು. ಅವನು ಕೂಡಿಸಿದ. ಕೀಲಿ ತಿರುಗಿಸಿದ. ಇಂಜಿನ್ ಶುರುವಾಗಿ, ಒಂದು ಸಲ ಗಂಟಲು ಸರಿಮಾಡಿಕೊಂಡು, ಒಂದೇ ಸಮ ಓಡಿತು. ಅವಳು ಒಪ್ಪಿಕೊಳ್ಳಬೇಕಾಯಿತು, ಕಾರ್ಬೊರೇಟರಿನಲ್ಲಿ ಯಾವತ್ತೂ ಅಷ್ಟು ಸಮ ಬಂದಿರಲಿಲ್ಲ. ಹೊಸ ಯಂತ್ರ ಒಳ್ಳೆಯದೇ. ಅದನ್ನು ತಂದವನ ಬಗ್ಗೆ ಆ ಮಾತು ಹೇಳಲಾಗದು.

ವಕೀಲರಿಗೆ ಕಾರು ಸರಿಹೋದದ್ದಕ್ಕಿಂತ ಕಥೆ ಹಾಳಾದದ್ದು ದೊಡ್ಡದಾಗಿತ್ತು. ಭಾನುವಾರದ ಗುಂಪಿಗೆ ಇನ್ನು ಏನು ಹೇಳುವುದು? ಬಾನೆಟ್ಟು ಮುಚ್ಚುವ ಮೊದಲು ಬೆಸುಗೆಯನ್ನು ನೋಡಿ ಕೇಳಿದರು, "ಇದಾದರೂ ಅವರದೇ ತಾನೇ? ಅಥವಾ ಇದೂ...?"

"ಅವರದೇ," ಅಂದಳು. "ಪೂರ್ತಿ ಅವರದೇ. ಅದರಲ್ಲಿ ನನ್ನದು ಬೂದಿ ಜರಡಿ ಹಿಡಿದದ್ದು ಅಷ್ಟೇ. ಮುಟ್ಟಿ ನೋಡಿ."

ವಕೀಲರು ಮುಟ್ಟಿದರು. ಬಿಸಿ ತಾಗಿ ಕೈ ಎಳೆದುಕೊಂಡರು. ಓಡುವ ಇಂಜಿನ್ ಬಿಸಿ ಇರುತ್ತದೆ ಎಂಬುದು ಕೂಡ ಮೂವತ್ತು ವರ್ಷದಲ್ಲಿ ಕಲಿಯದ ಮನುಷ್ಯ.

ವಾರದೊಳಗೆ ಬೀದಿಯೆಲ್ಲ ಸುದ್ದಿ. ಕಿವುಡ ಮೇಸ್ತ್ರಿಯಂತೆ, ಹೆಂಡತಿಯೇ ಕೇಳುತ್ತಿದ್ದಳಂತೆ. ಕಾಫಿ ಅಂಗಡಿಯಲ್ಲಿ ನಕ್ಕರು. ಅಂಥ ಕಿವಿ ಇನ್ನು ಹುಟ್ಟುವುದಿಲ್ಲ ಎಂದವರೇ, ನನಗೆ ಮೊದಲೇ ಅನುಮಾನ ಇತ್ತು ಅಂದರು. ಅವಳು ಬ್ರೆಡ್ಡು ತರಲು ಹೋದಾಗ ಮಾತು ನಿಲ್ಲಿಸಿ ಮುಖ ಮುಖ ನೋಡಿಕೊಂಡರು. ಅವಳಿಗೆ ಎಲ್ಲ ಕೇಳಿಸುತ್ತದೆ ಎಂಬುದು ಈಗಷ್ಟೇ ಗೊತ್ತಾಗಿತ್ತಲ್ಲ. ಮನೆಗೆ ಬಂದು ಗಂಡನ ಫೋಟೋದ ಎದುರು ನಿಂತು, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದಳು, "ಬೈಬೇಡಿ. ಬೆಸುಗೆ ಉಳೀತು."

ಕಿಟಕಿಯ ಕದಗಳ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಅದು ಅವರಿಬ್ಬರದು.

ಮುಂದಿನ ಕಾರು ಬಂತು. ಅದರದೂ ಅದೇ ಕೆಲಸ. ಮೂರನೇ ದಿನ ಪರದೆ ಪಂಡಿತ ಕಿಟಕಿಯ ಹತ್ತಿರ ಬಂದು ಕೆಮ್ಮಿದ.

"ಅತ್ತಿಗೆ, ಒಂಚೂರು ಕೇಳ್ತೀರಾ?"

"ಕಂಪ್ಯೂಟರ್ ಏನನ್ನುತ್ತೆ?"

"ಅದು ಏನೇನೋ ಅನ್ನುತ್ತೆ."

"ಸರ್ಟಿಫಿಕೇಟು ಏನನ್ನುತ್ತೆ?"

ಅವಳು ತರಕಾರಿಯ ಕಡೆ ತಿರುಗಿದಳು. "ಮೊಳೆ ಖಾಲಿ ಮಾಡು. ಸ್ಪ್ಯಾನರುಗಳು ಎಲ್ಲಿದ್ವೋ ಅಲ್ಲಿಗೆ ಹೋಗಲಿ. ಆಮೇಲೆ ಕೇಳ್ತೀನಿ."

ಎರಡೂ ಕದ ಮುಚ್ಚಿದಳು. ಹೊರಗೆ ಚೌಕಟ್ಟನ್ನು ನೆಲಕ್ಕಿಟ್ಟ ಸದ್ದು. ಗೋಣಿಚೀಲ ಎಳೆದ ಸದ್ದು. ಒಂದೊಂದೇ ಸ್ಪ್ಯಾನರು ಮೊಳೆಗೆ ತಾಗಿ ಠಣ್ ಎಂದಿತು. ಸದ್ದಿನಲ್ಲೇ ಗೊತ್ತಾಯಿತು, ದೊಡ್ಡದರ ಜಾಗಕ್ಕೆ ಚಿಕ್ಕದನ್ನು ಹಾಕುತ್ತಿದ್ದಾನೆ.